ಜೊಲ್ಲುಬಟ್ಟೆ ಗಟ್ಟಿಯಾದ ಬಗ್ಗೆ

ಜನವರಿ 22

ಮಗಳೇ,

ಪತ್ರ ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಇಸ್ತ್ರಿಪೆಟ್ಟಿಗೆ ಹಿಡಿದವನು ನಾನು. ಇದು ಗೊತ್ತಿದ್ದೂ ನೀನು ‘ಫೋನಲ್ಲಿ ಕೂಗಾಡ್ತೀಯ ಅಪ್ಪ, ಹೇಳೋದಿದ್ರೆ ಬರೆದು ಕಳಿಸು’ ಎಂದು ಫೋನ್ ಇಟ್ಟುಬಿಟ್ಟೆ. ಕೂಗಾಡಿದ್ದು ನಾನಲ್ಲ. ಬಟ್ಟೆ ಒಗೆಯುವ ಮಷೀನು. ಅದರ ಸದ್ದಿನ ಮೇಲೆ ಕೇಳಿಸಲಿ ಎಂದು ನಾನು ಸ್ವಲ್ಪ ಗಟ್ಟಿಯಾಗಿ ಹೇಳಿದೆ, ಅಷ್ಟೆ. ಆಯಿತು, ಬರೆಯುತ್ತಿದ್ದೇನೆ. ಅಕ್ಷರ ಸುಕ್ಕಾಗಿದ್ದರೆ ನೀನೇ ಇಸ್ತ್ರಿ ಹಾಕಿಕೋ.

ವಿಷಯ ಇದು. ನಿಮ್ಮ ನಲ್ಲಿಯಲ್ಲಿ ತುಕ್ಕು ನೀರು ಬರುತ್ತದೆ ಎಂದು ನನ್ನ ಮೊಮ್ಮಗಳು ಗುಂಡಿಯ ಬಟ್ಟೆ ಅವಳು ಹುಟ್ಟಿದಂದಿನಿಂದ ನನ್ನ ಲಾಂಡ್ರಿಗೇ ಬರುತ್ತಿದೆ. ಮಂಗಳವಾರ ವ್ಯಾನಿನವನು ಗಂಟು ತರುತ್ತಾನೆ, ಶುಕ್ರವಾರ ಒಯ್ಯುತ್ತಾನೆ. (ಗುಂಡಿ ಎನ್ನಬೇಡ ಎಂದು ಹೇಳಿದ್ದೀಯ. ಒಂದು ಗುಂಡಿ ಕಿತ್ತುಹೋದರೆ ಅಂಗಿಯ ಗತಿ ಏನಾಗುತ್ತದೆ ಎಂದು ನನ್ನನ್ನು ಕೇಳು. ಹಳ್ಳ ಎನ್ನುವ ಅರ್ಥದಲ್ಲಿ ನಾನು ಕರೆದಿಲ್ಲ.)

ಈ ಮಂಗಳವಾರದ ಗಂಟಿನಲ್ಲಿ ಆರು ಜೊಲ್ಲುಬಟ್ಟೆ ಇದ್ದವು, ನೀನು ಬಿಬ್ ಎನ್ನುವಂಥವು. ನಾಲ್ಕರ ಅಂಚು ಒಣಗಿ ಕಾಲರಿನ ಹಾಗೆ ಗಟ್ಟಿಯಾಗಿತ್ತು. ಹಾಲಿನ ಕಲೆ ನನಗೆ ಗೊತ್ತು. ಅದು ಹಳದಿಗೆ ತಿರುಗುತ್ತದೆ, ಹುಳಿ ವಾಸನೆ ಹೊಡೆಯುತ್ತದೆ. ಇದು ಅದಲ್ಲ. ಉಗುರಿನಿಂದ ಕೆರೆದರೆ ಬಿಳಿ ಪುಡಿ ಉದುರಿತು. ನಾಲಿಗೆಗೆ ಮುಟ್ಟಿಸಿ ನೋಡಿದೆ. ಗಂಜಿ. ಅಕ್ಕಿಹಿಟ್ಟಿನ ಗಂಜಿ. ನಲವತ್ತೆರಡು ವರ್ಷ ಬಟ್ಟೆಗೆ ಗಂಜಿ ಹಾಕಿ ಬದುಕಿದವನಿಗೆ ಗಂಜಿ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕೂಸಿಗೆ ನಾಲ್ಕು ತಿಂಗಳು ಹತ್ತು ದಿನ. ನೀನು ಬೆಳಿಗ್ಗೆ ಕನ್ನಡಕದ ಅಂಗಡಿಗೆ ಹೋಗಿ ಮಧ್ಯಾಹ್ನ ಬರುವವರೆಗೆ ಅವಳು ಯಾರ ಕೈಯಲ್ಲಿರುತ್ತಾಳೆ? ನಿನ್ನ ಅತ್ತೆಯ ಕೈಯಲ್ಲಿ. ನಾನು ಯಾರ ಮೇಲೂ ಹೊರಿಸುತ್ತಿಲ್ಲ. ಊರಿನವರ ಕಣ್ಣು ಪರೀಕ್ಷೆ ಮಾಡುತ್ತೀಯಲ್ಲ, ನಿನ್ನ ಅಡುಗೆಮನೆಯನ್ನೂ ಒಮ್ಮೆ ಕಣ್ಣುಬಿಟ್ಟು ನೋಡು ಎನ್ನುತ್ತಿದ್ದೇನೆ.

ನಿನಗೂ ಹೀಗೇ ಆಗಿತ್ತು. ನಾಲ್ಕು ತಿಂಗಳಿದ್ದಾಗ ಎದುರುಮನೆಯ ಟೈಪಿಸ್ಟ್ ಹೆಂಗಸು ನಿನಗೆ ಗಂಜಿ ಕುಡಿಸಿಬಿಟ್ಟಳು. ಒಂಬತ್ತು ದಿನ ಆಸ್ಪತ್ರೆ. ಸೂಜಿ ಚುಚ್ಚಲು ಕೈಯಲ್ಲಿ ನರ ಸಿಗದೆ ತಲೆಗೆ ಚುಚ್ಚಿದರು. ಅದಕ್ಕೇ ಇಷ್ಟು ಹೇಳುವುದು.

ಮಾರ್ಚ್ ಹದಿನಾರರಿಂದ ನಿನಗೆ ಪೂರ್ತಿ ದಿನದ ಕೆಲಸ. ಅಂದಿನಿಂದ ಮಗು ನನ್ನ ಹತ್ತಿರ ಇರಲಿ, ಅಂಗಡಿಯನ್ನು ಪಾಲುದಾರನಿಗೆ ಬಿಟ್ಟು ನಿಮ್ಮ ಬೀದಿಯಲ್ಲೇ ಒಂದು ಕೋಣೆ ಹಿಡಿಯುತ್ತೇನೆ ಎಂದು ಎರಡು ಸಲ ಕೇಳಿದ್ದೇನೆ. ಎರಡು ಸಲವೂ ನೀನು ‘ನೋಡೋಣ’ ಎಂದೆ. ಈಗ ನೋಡು.

ನಿನ್ನ ಅಪ್ಪ


ಜನವರಿ 26

ಅಪ್ಪ,

ಯಾರೂ ಏನೂ ಕೊಟ್ಟಿಲ್ಲ. ನಾನು ತೆಗೆದಿಟ್ಟು ಹೋದ ಹಾಲನ್ನೇ ಅತ್ತೆ ಕುಡಿಸುತ್ತಾರೆ. ನೀರು ಕೂಡ ಮುಟ್ಟಿಸುವುದಿಲ್ಲ.

ಡಾಕ್ಟರ್ ಹೇಳಿದ್ದು, ಆರು ತಿಂಗಳು ತುಂಬಬೇಕು. ಆರಕ್ಕೆ ಬಿದ್ದರೆ ಸಾಲದು, ತುಂಬಬೇಕು. ಕತ್ತು ನಿಲ್ಲಬೇಕು, ಒರಗಿಸಿ ಕೂರಿಸಿದರೆ ಕೂರಬೇಕು, ನಾವು ತಿನ್ನುವುದನ್ನು ನೋಡಿ ಕೈ ಚಾಚಬೇಕು, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವುದು ನಿಲ್ಲಬೇಕು. ಮಾರ್ಚ್ ಹನ್ನೆರಡಕ್ಕೆ ಆರು ತುಂಬುತ್ತದೆ. ಅಂದಿನಿಂದ ಗಟ್ಟಿ ಆಹಾರ ಶುರು. ಅದಕ್ಕೆ ಮೊದಲು ಏನೂ ಇಲ್ಲ.

ಈಗ ಅವಳಿಗೆ ಸಿಕ್ಕಿದ್ದೆಲ್ಲ ಬಾಯಿಗೇ. ಬಿಬ್ಬಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಇಡೀ ಬೆಳಿಗ್ಗೆ ಚೀಪುತ್ತಾಳೆ. ಆ ಜೊಲ್ಲು ಒಣಗಿ ಗಟ್ಟಿಯಾಗಿರಬೇಕು.

ಅತ್ತೆ ರೈಲಿನಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿದವರು. ನಿನ್ನ ಪತ್ರ ಓದುವಾಗ ನನ್ನ ಮುಖ ನೋಡಿ ‘ಏನಂತೆ ನಿಮ್ಮಪ್ಪಂದು?’ ಅಂದರು. ‘ಏನಿಲ್ಲ ಅತ್ತೆ, ಹುಷಾರಾಗಿದಾರಂತೆ’ ಅಂದೆ. ‘ಎರಡು ಹಾಳೆ ತುಂಬಾ ಹುಷಾರಾ?’ ಅಂದರು. ಇಂಥ ಪತ್ರ ಇನ್ನು ಬರೆಯಬೇಡ.

ನಿನ್ನ ಮಗಳು


ಜನವರಿ 29

ಮಗಳೇ,

ಗಟ್ಟಿ ಆಹಾರವೇ? ಬಾಯಲ್ಲಿ ಒಂದು ಹಲ್ಲಿಲ್ಲದ ಕೂಸಿಗೆ? ನನ್ನ ಅಂಗಡಿಯಲ್ಲಿ ಗಟ್ಟಿ ಎಂದರೆ ಹೋಟೆಲಿನ ಅಡುಗೆಯವರ ಟೋಪಿ. ಮೇಜಿನ ಮೇಲಿಟ್ಟರೆ ತಲೆಯಿಲ್ಲದೆಯೂ ನೆಟ್ಟಗೆ ನಿಲ್ಲಬೇಕು. ಇದು ನಿನ್ನ ಬುದ್ಧಿಯಲ್ಲ, ಹೇಳಿಕೊಟ್ಟ ಬುದ್ಧಿ. ಯಾರು ಹೇಳಿಕೊಟ್ಟರು ಎಂದು ನಾನು ಬರೆಯುವುದಿಲ್ಲ, ಬರೆಯಬೇಡ ಎಂದಿದ್ದೀಯ.

ಔಷಧಿ ಅಂಗಡಿಯವನನ್ನು ಕೇಳಿದೆ.

‘ಏನಪ್ಪಾ, ಆರು ತಿಂಗಳ ಕೂಸಿಗೆ ಗಟ್ಟಿದು ಕೊಡಬಹುದಾ?’

‘ಎಷ್ಟು ಗಟ್ಟಿ ಯಜಮಾನ್ರೇ?’

‘ಅದನ್ನೇ ಅಲ್ವೇನೋ ನಾನು ಕೇಳ್ತಿರೋದು!’

‘ನಿಮ್ಮ ಗಂಟಲಿನಷ್ಟು ಗಟ್ಟಿ ಬೇಡ ಬಿಡಿ.’

ಹಲ್ಲು ಕಿಸಿದ. ಅವನ ಬಿಳಿ ಕೋಟನ್ನು ಇನ್ನು ಬೇರೆ ಕಡೆ ಒಗೆಸಿಕೊಳ್ಳಲಿ.

ಕೊಡುವುದೇ ಇದ್ದರೆ ತೆಳ್ಳಗೆ, ನೀರಿನ ಹಾಗೆ ಇರಬೇಕು. ಅದೂ ಕಾಲ ಬಂದಾಗ. ಅದೂ ಕೊಡುವ ಕೈ ನಂಬುವಂಥದ್ದಾದರೆ.

ಜೊಲ್ಲು ಒಣಗಿತು ಎಂದು ಬರೆದಿದ್ದೀಯ. ಜೊಲ್ಲು ಒಣಗಿದರೆ ಬಿಳಿ ಪುಡಿ ಉದುರುವುದಿಲ್ಲ. ಈ ವಾರ ಆರರಲ್ಲಿ ಐದು ಗಟ್ಟಿ. ಒಂದನ್ನು ಒಗೆಯದೆ ಎತ್ತಿಟ್ಟಿದ್ದೇನೆ, ಸಾಕ್ಷಿಗೆ. ನನಗೂ ಕಣ್ಣಿದೆ, ಮಗಳೇ. ನಿಮ್ಮ ಬಾಗಿಲವರೆಗೂ ಹೋಗಿ ಬರುವ ಕಣ್ಣು.

ನಿನ್ನ ಅಪ್ಪ


ಫೆಬ್ರವರಿ 9

ಅಪ್ಪ,

ಅವಳ ಗಲ್ಲದ ಕೆಳಗೆ ಕೆಂಪಗೆ ದದ್ದು ಎದ್ದಿದೆ. ಕತ್ತಿನ ಮಡಿಕೆಯಲ್ಲೂ ಇದೆ. ಡಾಕ್ಟರಿಗೆ ತೋರಿಸಿದೆವು. ‘ಹಾಲು ಬಿಟ್ಟು ಬೇರೆ ಏನಾದ್ರೂ ಕೊಡ್ತಿದೀರಾ? ನಿಜ ಹೇಳಿ’ ಅಂದರು. ನಾನು ಇಲ್ಲ ಎಂದೆ. ಅತ್ತೆಯೂ ಇಲ್ಲ ಎಂದರು. ಡಾಕ್ಟರ್ ನಮ್ಮಿಬ್ಬರ ಮುಖವನ್ನೂ ನೋಡಿದರು.

ಮಾರನೆಯ ದಿನ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ನಾನು ಅಡುಗೆಮನೆಗೆ ಹೋಗಿ ಅವರ ಬಟ್ಟಲನ್ನು ಎತ್ತಿ ಮೂಸಿ ನೋಡಿದೆ. ಚಮಚವನ್ನೂ. ತಿರುಗಿದರೆ ಅವರು ಒದ್ದೆ ತಲೆಯಲ್ಲಿ ಬಾಗಿಲಲ್ಲಿ ನಿಂತಿದ್ದರು. ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ತೊಳೆದು ಬೋರಲು ಹಾಕಿದರು. ಇವತ್ತಿಗೆ ನಾಲ್ಕು ದಿನ. ಮಾತು ಎಷ್ಟು ಬೇಕೋ ಅಷ್ಟೇ. ‘ಹಾಲು ಫ್ರಿಜ್ಜಿನಲ್ಲಿದೆ.’ ‘ಸರಿ.’

ನಿನಗೆ ಸಮಾಧಾನವಾಯಿತೇ?

ನಿನ್ನ ಮಗಳು


ಫೆಬ್ರವರಿ 12

ಮಗಳೇ,

ಸಮಾಧಾನವಾಗಲಿಲ್ಲ, ಕೋಪ ಬಂತು. ದದ್ದು ಎದ್ದಿದೆ. ಡಾಕ್ಟರೇ ಅನುಮಾನ ಪಟ್ಟಿದ್ದಾರೆ. ನಾನು ಬರೆದಾಗ ಮುದುಕನ ಗೊಣಗಾಟ, ಡಾಕ್ಟರು ಹೇಳಿದರೆ ಬಟ್ಟಲು ಮೂಸುತ್ತೀಯ.

ವ್ಯಾನಿನವನನ್ನು ಕೇಳಿದೆ. ಹೌದು, ಗಂಟು ತೆಗೆದುಕೊಳ್ಳುವಾಗ ಒಳಗೆ ನೋಡಿಕೊಂಡು ಬಾ ಎಂದು ಹೇಳಿದ್ದೇ ನಾನು.

‘ಏನು ನೋಡಿದೆ?’

‘ಅಜ್ಜಿ ಮಗೂನ ತೊಡೆ ಮೇಲೆ ಕೂರಿಸ್ಕೊಂಡಿದ್ರು. ಕೈಲಿ ಬಟ್ಟಲಿತ್ತು.’

‘ಬಟ್ಟಲಲ್ಲಿ ಏನಿತ್ತು?’

‘ನಾನೇನು ಕೈ ಹಾಕಿ ನೋಡ್ಲಾ?’

‘ಮಗು ಬಾಯಿ ಅಲ್ಲಾಡ್ತಿತ್ತಾ?’

‘ಅಲ್ಲಾಡ್ತಿತ್ತಪ್ಪ. ಆ ಮಗು ಬಾಯಿ ಯಾವಾಗ ಸುಮ್ನಿರುತ್ತೆ? ನಿಮ್ಮ ಮೊಮ್ಮಗಳಲ್ವಾ!’

ತಮಾಷೆ ಅವನಿಗೆ. ಬಟ್ಟಲು ಇತ್ತು, ಬಾಯಿ ಅಲ್ಲಾಡುತ್ತಿತ್ತು. ಇನ್ನೇನು ಬೇಕು? ಮಾರ್ಚ್ ಹದಿನಾರರವರೆಗೂ ಕಾಯುವುದು ಏಕೆ? ಮುಂದಿನ ವಾರವೇ ಬಂದುಬಿಡುತ್ತೇನೆ. ಕೋಣೆ ನೋಡು.

ನಿನ್ನ ಅಪ್ಪ


ಫೆಬ್ರವರಿ 16

ಬೀಗರಿಗೆ,

ನಮಸ್ಕಾರ. ಇದು ರೂಢಿಯ ನಮಸ್ಕಾರ, ಮನಸ್ಸಿನದಲ್ಲ.

ನಿಮ್ಮ ಪತ್ರಗಳನ್ನು ಓದಿದೆ. ಸೊಸೆ ಬಚ್ಚಿಟ್ಟಿರಲಿಲ್ಲ, ಮೇಜಿನ ಮೇಲೇ ಇಟ್ಟು ಹೋಗಿದ್ದಳು. ನಾನು ಓದಲಿ ಎಂದೇ ಇಟ್ಟಳೇನೋ. ಬಾಯಿಬಿಟ್ಟು ಹೇಳಲಾರಳು ಪಾಪ.

ನಿಮ್ಮ ವ್ಯಾನಿನವನು ನೋಡಿದ ಬಟ್ಟಲು ನನ್ನದು. ಅದರಲ್ಲಿದ್ದದ್ದು ನನ್ನ ತಿಂಡಿ. ಮಗು ನನ್ನ ತೊಡೆಯ ಮೇಲಿದ್ದಾಗ ನಾನು ಉಪವಾಸ ಇರಬೇಕೆಂದು ನಿಮ್ಮ ಅಪ್ಪಣೆಯಾದರೆ ತಿಳಿಸಿ.

ಇನ್ನು ಗಂಜಿಯ ವಿಷಯ. ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಮೊದಲು ಅಂದುಕೊಂಡೆ. ಆಮೇಲೆ ಯೋಚಿಸಿದೆ: ಈ ಮನುಷ್ಯನಿಗೆ ಬಾಯಿ ಕೆಟ್ಟದ್ದು, ಆದರೆ ಬಟ್ಟೆಯ ಬಗ್ಗೆ ಸುಳ್ಳು ಹೇಳಲಾರ. ಹಾಗಾದರೆ ಗಂಜಿ ನಿಜ. ಎಲ್ಲಿಂದ ಹತ್ತಿತು, ಅದನ್ನು ಹುಡುಕಬೇಕು. ರೈಲಿನಲ್ಲಿ ಎಷ್ಟೋ ಸಲ ನೋಡಿದ್ದೇನೆ, ಪಕ್ಕದವನ ಟಿಕೆಟ್ಟಿನ ಬಗ್ಗೆ ದೂರು ಹೇಳುವವನ ಜೇಬನ್ನೇ ಮೊದಲು ನೋಡಬೇಕು.

ಹೈಸ್ಕೂಲಿನಲ್ಲಿ ನಮಗೆ ಒಂದು ಪ್ರಯೋಗ ಮಾಡಿಸಿದ್ದರು. ಗಂಜಿಯ ಅಂಶ ಇದ್ದ ಕಡೆ ಅಯೋಡಿನ್ ಹಾಕಿದರೆ ನೀಲಿಯಾಗುತ್ತದೆ. ಗಾಯಕ್ಕೆ ಹಚ್ಚುವ ಅಯೋಡಿನ್ ಮನೆಯಲ್ಲಿತ್ತು. ನಾನೇ ಒಗೆದ ಕರವಸ್ತ್ರಕ್ಕೆ ಒಂದು ಹನಿ ಹಾಕಿದೆ. ಕಂದು ಬಣ್ಣದಲ್ಲೇ ಉಳಿಯಿತು. ಮಗು ಚೀಪಿದ ಜೊಲ್ಲುಬಟ್ಟೆಗೆ ಹಾಕಿದೆ. ನೀಲಿ, ಅಂಚಿನಲ್ಲಿ ಕಪ್ಪು. ಕೊನೆಗೆ, ನೀವು ಶುಕ್ರವಾರ ಒಗೆದು ಕಳಿಸಿದ ಗಂಟನ್ನು ನಾನೇ ಬಿಚ್ಚಿ, ಮಡಿಕೆಯೂ ಬಿಚ್ಚದ ಒಂದು ಜೊಲ್ಲುಬಟ್ಟೆಯನ್ನು ತೆಗೆದು ಅದಕ್ಕೂ ಒಂದು ಹನಿ ಹಾಕಿದೆ. ಅದನ್ನೇ ಇದರ ಜೊತೆ ಇಟ್ಟಿದ್ದೇನೆ, ನೋಡಿ. ಆ ಬಟ್ಟೆಯನ್ನು ಮಗು ಇನ್ನೂ ಮುಟ್ಟಿಲ್ಲ.

ಕೂಸಿಗೆ ಗಂಜಿ ತಿನ್ನಿಸುತ್ತಿರುವವರು ನೀವು, ಬೀಗರೇ. ವಾರಕ್ಕೆ ಆರು ಬಟ್ಟೆ.

ಸೊಸೆಗೆ ತೋರಿಸಿದೆ. ಅವಳು ಉಳಿದ ಜೊಲ್ಲುಬಟ್ಟೆಗಳನ್ನೆಲ್ಲ ಬಕೆಟ್ಟಿಗೆ ಹಾಕಿ ನೀರು ಬಿಟ್ಟಳು.

ತೀರಿಕೊಂಡ ನಿಮ್ಮ ಹೆಂಡತಿಯ ಜಾಗದಲ್ಲೂ ನಿಂತಿರುವ, ಮಗುವಿನ ಅಜ್ಜಿ


ಫೆಬ್ರವರಿ 19

ಮಗಳೇ,

ನಿನ್ನ ಅತ್ತೆ ಕಳಿಸಿದ ನೀಲಿ ಬಟ್ಟೆ ಬಂತು. ಆ ಔಷಧಿ ಯಾವ ಬಟ್ಟೆಗೆ ಹಾಕಿದರೂ ಬಣ್ಣ ತಿರುಗೀತು. ಹೈಸ್ಕೂಲು ಕಂಡವರು ಹೇಳಿದ್ದೆಲ್ಲ ನಿಜವೇ? ಮಗುವಿನ ಬಟ್ಟೆಗೆ ನಾನು ಗಂಜಿ ಹಾಕುತ್ತೇನೆಯೇ? ಬೇರೆಯವರ ಬಟ್ಟೆ ಸೋಕಬಾರದೆಂದು ಅವಳದ್ದಕ್ಕೇ ಒಂದು ಬಕೆಟ್ಟು ಇಟ್ಟಿದ್ದೇನೆ. ಮಷೀನಿಗೂ ಹಾಕದೆ ಕೈಯಲ್ಲಿ ಒಗೆಯುತ್ತೇನೆ.

ಈ ಮಂಗಳವಾರ ಅವರ ಪೊಟ್ಟಣ ಮಾತ್ರ ಬಂತು, ಗಂಟು ಬರಲಿಲ್ಲ. ಯಾಕೆ?

ಅಪ್ಪ


ಮಾರ್ಚ್ 2

ಅಪ್ಪ,

ಗಂಟು ಇನ್ನು ಬರುವುದಿಲ್ಲ. ನೀರು ಸೋಸಿ ಮನೆಯಲ್ಲೇ ಒಗೆಯುತ್ತಿದ್ದೇವೆ. ದದ್ದು ಎಂಟು ದಿನದಲ್ಲಿ ಮಾಯವಾಯಿತು.

ನಾನು ಅತ್ತೆಯ ಹತ್ತಿರ ಕ್ಷಮೆ ಕೇಳಿದೆ. ‘ಬಟ್ಟಲು ಮೂಸಿದ್ದಕ್ಕೆ ಬೇಜಾರಿಲ್ಲ ಕಣೆ. ಕೇಳದೇ ಮೂಸಿದೆಯಲ್ಲ, ಅದಕ್ಕೆ’ ಅಂದರು.

ಹನ್ನೆರಡಕ್ಕೆ ಶುರು ಮಾಡುತ್ತೇವೆ. ಗಟ್ಟಿ ಎಂದರೆ ಏನೆಂದು ನಿನಗೆ ಆಗಲೇ ಬಿಡಿಸಿ ಬರೆಯಬೇಕಿತ್ತು. ಚಮಚ ಓರೆ ಮಾಡಿದರೆ ಸುರಿದುಹೋಗಬಾರದು, ಅಷ್ಟು ಗಟ್ಟಿ. ನೀರಾಗಿದ್ದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬೇಯಿಸಿದ ಆಲೂಗಡ್ಡೆಯನ್ನು ನುಣ್ಣಗೆ ಹಿಸುಕಿ, ನನ್ನ ಹಾಲಿನಲ್ಲೇ ಕಲಸಿ, ಮೊದಲ ದಿನ ಒಂದೆರಡು ಚಮಚ. ಎರಡು ಮೂರು ದಿನ ಅದೇ. ಆಮೇಲೆ ಇನ್ನೊಂದು. ಉಪ್ಪು ಬೇಡ, ಸಕ್ಕರೆ ಬೇಡ, ವರ್ಷ ತುಂಬುವವರೆಗೆ ಜೇನು ಮುಟ್ಟಿಸಬಾರದು. ಎದೆಹಾಲು ನಿಲ್ಲಿಸುವುದಿಲ್ಲ. ಮುಖ ತಿರುಗಿಸಿದರೆ ಸಾಕು ಎಂದು ಅರ್ಥ, ಒತ್ತಾಯ ಇಲ್ಲ.

ಹದಿನಾರರಿಂದ ಅವಳು ಅತ್ತೆಯ ಹತ್ತಿರ ಇರುತ್ತಾಳೆ. ನಿನಗೆ ಕೋಣೆ ನೋಡಿಲ್ಲ.

ನಿನ್ನ ಮಗಳು


ಮಾರ್ಚ್ 5

ಮಗಳೇ,

ಮಂಗಳವಾರ ಗಂಟಿಲ್ಲದೆ ಬರಿ ಪತ್ರ ಕೊಟ್ಟು ಹೊರಟ ವ್ಯಾನಿನವನನ್ನು ತಡೆದು ನಿಲ್ಲಿಸಿದೆ. ನನ್ನ ಟವೆಲೊಂದನ್ನು ಗುಂಡಿಯ ಬಕೆಟ್ಟಿಗೆ ಹಾಕಿ, ‘ಇಲ್ಲಿ ನಿಂತು ನೋಡು’ ಎಂದೆ.

‘ಏನು ನೋಡ್ಲಿ?’

‘ನನ್ನ ಕೈ ನೋಡು. ಮಾತಾಡ್ಬೇಡ.’

ಅವಳ ಬಟ್ಟೆ ಒಗೆಯುವ ಹಾಗೆಯೇ ಒಗೆದೆ. ಮೂರು ನೀರು ಜಾಲಾಡಿದೆ, ಹಿಂಡಿದೆ, ಕೊಡವಿದೆ. ‘ಈಗ ಹೇಳು, ಗಂಜಿ ಹಾಕಿದೆನಾ?’ ಎಂದೆ.

‘ಹಾಕಿದ್ರಿ.’

‘ಯಾವಾಗ?’

‘ಕೊನೇ ನೀರಿಗೆ. ಒಲೆ ಪಕ್ಕದ ಪಾತ್ರೆಯಿಂದ ಅರ್ಧ ಮಗ್ಗು. ಯಾವಾಗ್ಲೂ ಹಾಕ್ತೀರಲ್ಲ!’

ನನಗೆ ಗೊತ್ತೇ ಆಗಲಿಲ್ಲ. ನಲವತ್ತೆರಡು ವರ್ಷದಿಂದ ಕೊನೇ ನೀರು ಎಂದರೆ ಕೈ ಆ ಪಾತ್ರೆಗೆ ಹೋಗುತ್ತದೆ. ಅಷ್ಟು ತೆಳು ಗಂಜಿ ಇರುವ ಬಟ್ಟೆಯೇ ನನ್ನ ಬೆರಳಿಗೆ ಗಂಜಿಯಿಲ್ಲದ ಬಟ್ಟೆ ಎನ್ನಿಸುತ್ತದೆ. ಮಗು ಚೀಪಿ ಒದ್ದೆ ಮಾಡಿದ ಮೇಲೆ ಅದೆಲ್ಲ ಅಂಚಿಗೆ ಸೇರಿ ಗಟ್ಟಿಯಾಯಿತು, ಆಗ ನನಗೆ ಕಂಡಿತು. ಕಂಡ ಕೂಡಲೇ ಬೇರೆಯವರ ಕೈ ಹುಡುಕಿದೆ.

ಇದು ಮೊದಲನೆಯ ಸಲ ಅಲ್ಲ.

ಎದುರುಮನೆಯ ಟೈಪಿಸ್ಟ್ ಹೆಂಗಸು ನಿನಗೆ ಗಂಜಿ ಕುಡಿಸಲಿಲ್ಲ. ನಾನು ಕುಡಿಸಿದೆ. ನಿನ್ನ ಅಮ್ಮ ತನ್ನ ತಂಗಿಯ ಹೆರಿಗೆಗೆಂದು ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದಳು. ನೀನು ಅಳು ನಿಲ್ಲಿಸುತ್ತಿರಲಿಲ್ಲ, ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರು. ಬಟ್ಟೆಗೆಂದು ಕುದಿಸಿಟ್ಟ ಗಂಜಿ ಇತ್ತು, ಹಿಂದಿನ ದಿನದ್ದು. ನೀರು ಬೆರೆಸಿ ಸೋಸಿ ಬಾಟಲಿಗೆ ತುಂಬಿ ಕೊಟ್ಟೆ. ನೀನು ಗಟಗಟ ಕುಡಿದು ಮಲಗಿದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ಮೂರು ದಿನ ಕೊಟ್ಟೆ. ನಾಲ್ಕನೆಯ ದಿನ ನೀನು ಕಣ್ಣು ತೇಲಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ‘ಏನು ಕೊಟ್ರಿ?’ ಎಂದು ಕೇಳಿದಾಗ ನಿನ್ನ ಅಮ್ಮ ನನ್ನ ಮುಖ ನೋಡಿದಳು. ‘ಎದುರುಮನೆಯವಳು ಎತ್ತಿಕೊಂಡಿದ್ದಳು, ಅವಳೇ ಏನೋ ಕೊಟ್ಟಿರಬೇಕು’ ಎಂದೆ. ಆಕೆ ನಿನ್ನನ್ನು ಎತ್ತಿಕೊಂಡಿದ್ದು ನಿಜ, ಅಳು ಕೇಳಲಾರದೆ ಓಡಿಬಂದಿದ್ದಳು. ನಿನ್ನನ್ನು ನೋಡಲು ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದು ಆಸ್ಪತ್ರೆಗೆ ಬಂದಾಗ ನಿನ್ನ ಅಮ್ಮ ವಾರ್ಡಿನ ಬಾಗಿಲು ತೆರೆಯಲಿಲ್ಲ. ನಾನು ಒಳಗೇ ಇದ್ದೆ. ಎರಡು ತಿಂಗಳಿಗೆ ಆಕೆ ಮನೆ ಖಾಲಿ ಮಾಡಿದಳು. ನಿನ್ನ ಅಮ್ಮ ಸಾಯುವವರೆಗೂ ಅವಳನ್ನು ಬೈಯುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ಆಕೆ ಈಗ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ.

ಇದನ್ನು ಬರೆಯಲು ಎರಡು ದಿನ ಹಿಡಿಯಿತು. ಫೋನಿನಲ್ಲಾಗಿದ್ದರೆ ಹೇಳುತ್ತಿರಲಿಲ್ಲ, ಕೂಗಾಡಿ ಮುಗಿಸುತ್ತಿದ್ದೆ.

ಮಗುವನ್ನು ನನ್ನ ಹತ್ತಿರ ಬಿಡು ಎಂದು ಇನ್ನು ಕೇಳುವುದಿಲ್ಲ. ಬೀಗಿತ್ತಿಯವರೇ ನೋಡಿಕೊಳ್ಳಲಿ. ಅವರಿಗೆ ಬೇರೆ ಚೀಟಿ ಬರೆದಿದ್ದೇನೆ, ಎರಡೇ ಸಾಲು, ಎರಡೂ ತಪ್ಪಾಯಿತು ಎಂದೇ.

ಆದರೆ ಹನ್ನೆರಡಕ್ಕೆ ಮೊದಲ ಚಮಚ ಇಡುವಾಗ ನಾನು ಆ ಕೋಣೆಯಲ್ಲಿರಬೇಕು. ಚಮಚ ನನ್ನ ಕೈಗೆ ಕೊಡಬೇಡಿ. ಬಟ್ಟಲೂ ಬೇಡ. ಕೈ ಜೇಬಿನಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂರುತ್ತೇನೆ. ಬೀಗಿತ್ತಿ ನನ್ನ ಮೇಲೇ ಕಣ್ಣಿಟ್ಟಿರಲಿ. ಗುಂಡಿ ನುಂಗುತ್ತಾಳೋ, ಉಗುಳುತ್ತಾಳೋ, ಮುಖ ಹಿಂಡುತ್ತಾಳೋ, ಅದನ್ನು ನೋಡಿ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಆಲೂಗಡ್ಡೆ ಎಷ್ಟು ಗಟ್ಟಿಯಿರಬೇಕು ಎಂದು ಬಾಯಿ ಹಾಕುವುದಿಲ್ಲ.

ಬಾ ಎನ್ನುವುದಾದರೆ ಬಾ ಎಂದು ಬರೆ. ಬೇಡ ಎನ್ನುವುದಾದರೆ ಬೇಡ ಎಂದೇ ಬರೆ, ಸುತ್ತಿ ಬಳಸಬೇಡ. ಮಾರ್ಚ್ ಹತ್ತು, ಮಂಗಳವಾರ, ವ್ಯಾನು ಬರುತ್ತದೆ. ಅಷ್ಟರೊಳಗೆ ನನಗೆ ಉತ್ತರ ಬೇಕು.

ಅಪ್ಪ